ಬಚ್ಚಲು ನೀರಿಗೆ ಯಾರು ಹೊಣೆ?

ಪಕ್ಕದ ಮನೆಯವ ಬಚ್ಚಲು ನೀರನ್ನು ರಸ್ತೆಗೇ ಬಿಡ್ತಾನೆ. ಕೇಳಿದರೆ ಮೈಮೇಲೇ ಬರ್ತಾನೆ. ನಗರಸಭೆಗೆ ಅರ್ಜಿ ಕೊಟ್ಟರೆ, "ಅದು ನಿಮ್ಮಿಬ್ಬರ ಜಗಳ ಕಣ್ರೀ, ಸ್ಟೇಷನ್ನಿಗೆ ಹೋಗಿ." ಸ್ಟೇಷನ್ನಿನಲ್ಲಿ, "ಚರಂಡಿ ವಿಷಯ ನಮ್ಮದಲ್ಲ, ನಗರಸಭೆಗೆ ಹೋಗಿ." ಅರ್ಜಿದಾರನ ಚಪ್ಪಲಿ ಸವೆಯಿತೇ ಹೊರತು ನೀರು ನಿಲ್ಲಲಿಲ್ಲ.

ಇವರಿಬ್ಬರೂ ಹೇಳದ ಮೂರನೇ ಬಾಗಿಲೊಂದಿದೆ. ಮಧ್ಯಪ್ರದೇಶದ ರತ್ಲಾಂನಲ್ಲಿ ಮದ್ಯದ ಕಾರ್ಖಾನೆಯ ನಾರುವ ನೀರು ಬೀದಿಗೆ ಹರಿದಾಗ ಜನ ಹೋದದ್ದು ಮ್ಯಾಜಿಸ್ಟ್ರೇಟರ ಹತ್ತಿರ. ಪುರಸಭೆ "ದುಡ್ಡಿಲ್ಲ" ಅಂತ ಸುಪ್ರೀಂ ಕೋರ್ಟಿನವರೆಗೂ ಹೋಯಿತು. (ವಕೀಲರಿಗೆ ಕೊಡಲು ಇತ್ತೇನೋ!) 1980ರಲ್ಲಿ ಕೋರ್ಟು ಆ ನೆಪ ಒಪ್ಪಲಿಲ್ಲ. ಆಗಿನ 133ನೇ ಕಲಮು 2024ರ ಜುಲೈಯಿಂದ ನಾಗರಿಕ ಸುರಕ್ಷಾ ಸಂಹಿತೆಯ 152 ಆಗಿದೆ. ನಮ್ಮ ಎ.ಸಿ. ಸಾಹೇಬರಿಗೆ ಆ ಅಧಿಕಾರವುಂಟು. ಅರ್ಜಿಯಲ್ಲಿ ನೆರೆಯವನ ಜೊತೆ ನಗರಸಭೆಯನ್ನೂ ಎದುರುದಾರರನ್ನಾಗಿ ಮಾಡಿ, ನಕಲಿಗೆ ಸೀಲು ಹಾಕಿಸಿಕೊಳ್ಳಿ.