ಮಲಗಿದಾಗ ಸಿಗುವ ನಾಡಿಯನ್ನು ನಂಬಬೇಡಿ

ಒಮಾನಿನ ಸಹಮ್‌ನಲ್ಲೋ ಸೋಹಾರ್‌ನಲ್ಲೋ ಇದ್ದು ನಮ್ಮನ್ನು ಕೇಳುತ್ತಿರುವವರು ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ಇಪ್ಪತ್ತೈದು ವರ್ಷ, ಬೀಡಿ ಸಿಗರೇಟು ಮುಟ್ಟಿದವನಲ್ಲ, ಸಂಜೆ ಫುಟ್‌ಬಾಲ್ ಆಡುತ್ತಾನೆ. ಬಿರುಸಾಗಿ ಸ್ವಲ್ಪ ದೂರ ನಡೆದರೆ ಒಂದು ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತೆ. ಎರಡು ನಿಮಿಷ ಸುಮ್ಮನೆ ನಿಂತರೆ ಬಿಡುತ್ತೆ. "ಸ್ನಾಯು ಸೆಳೆತ ಇರಬೇಕು, ರಜೆಗೆ ಊರಿಗೆ ಹೋದಾಗ ತೋರಿಸಿದರಾಯ್ತು" ಅಂತ ಮುಂದೂಡುತ್ತಾನೆ. ಹೀಗೆ ಮುಂದೂಡುವುದು ತಪ್ಪು ಅನ್ನುವುದೇ ಇವತ್ತು ನಮ್ಮ ವಾದ.

ನೋವಿಗೆ ಸ್ನಾಯುವೇ ಕಾರಣ ಇರಬಹುದು, ನಿಜ. ಆದರೆ ಅಪರೂಪಕ್ಕೆ ರಕ್ತನಾಳವೂ ಕಾರಣವಾಗುತ್ತೆ. ಮಂಡಿಯ ಹಿಂದೆ ಪಾಪ್ಲಿಟಿಯಲ್ ಅಪಧಮನಿ ಇದೆ. ಅದು ಮೀನಖಂಡದ ಸ್ನಾಯುವಿನ ಎರಡು ತಲೆಗಳ ನಡುವೆ ಇಳಿಯಬೇಕು. ಭ್ರೂಣ ಬೆಳೆಯುವಾಗ ಒಳಬದಿಯ ತಲೆ ತನ್ನ ಜಾಗಕ್ಕೆ ಸರಿಯುತ್ತೆ. ಆಗ ಏರುಪೇರಾದರೆ ಅಪಧಮನಿ ಸ್ನಾಯುವಿನಡಿ ಸಿಕ್ಕಿಕೊಳ್ಳುತ್ತೆ. ಹೆಜ್ಜೆ ಇಟ್ಟಾಗಲೆಲ್ಲ ಸ್ನಾಯು ಬಿಗಿದು ಅದನ್ನು ಹಿಸುಕುತ್ತೆ. ವರ್ಷಗಟ್ಟಲೆ ಹೀಗಾದರೆ ನಾಳದ ಗೋಡೆ ಹಾಳಾಗಿ, ರಕ್ತ ಹೆಪ್ಪುಗಟ್ಟಬಹುದು.

1879ರಲ್ಲಿ ಎಡಿನ್‌ಬರೋದ ವೈದ್ಯ ವಿದ್ಯಾರ್ಥಿ ಆಂಡರ್ಸನ್ ಸ್ಟುವರ್ಟ್ ಇದನ್ನು ಮೊದಲು ವಿವರಿಸಿದ್ದು ಕತ್ತರಿಸಿ ತೆಗೆದ ಕಾಲೊಂದರಲ್ಲಿ. ಎಂಬತ್ತು ವರ್ಷಗಳ ನಂತರ, 1959ರಲ್ಲಿ, ನೆದರ್‌ಲ್ಯಾಂಡ್ಸ್‌ನ ಹ್ಯಾಮಿಂಗ್ 12 ವರ್ಷದ ಹುಡುಗನೊಬ್ಬನಿಗೆ ಶಸ್ತ್ರಚಿಕಿತ್ಸೆ ಮಾಡಿದ್ದನ್ನು ವರದಿ ಮಾಡಿದರು. ಬೇಗ ಗೊತ್ತಾದರೆ ಸ್ನಾಯುವನ್ನು ಬಿಡಿಸಿದರೆ ಸಾಕಾಗಬಹುದು. ತಡವಾದರೆ ಬೇರೆ ಕಡೆಯ ಸಿರೆ ತಂದು ಬೈಪಾಸ್ ಮಾಡಬೇಕಾದೀತು.

ಹಾಗಾದರೆ ಯಾಕೆ ತಪ್ಪಿಹೋಗುತ್ತೆ? ರೋಗಿಯನ್ನು ಮಲಗಿಸಿ ಪಾದದ ನಾಡಿ ನೋಡುತ್ತೇವೆ, ಸಿಗುತ್ತೆ. ನೋವು ಬರುವುದು ನಡೆದಾಗ, ಪರೀಕ್ಷೆ ಮಾತ್ರ ಮಲಗಿದಾಗ! ನಡೆಸಿದ ಮೇಲೆ ಕಣಕಾಲಿನ ರಕ್ತದೊತ್ತಡ ಅಳೆಯಬೇಕು. ಪಾದವನ್ನು ಕೆಳಕ್ಕೆ ಒತ್ತಿಸಿ ನಾಡಿ ಮತ್ತೆ ನೋಡಬೇಕು. ಆರೋಗ್ಯವಂತರಲ್ಲೂ ಆಗ ನಾಡಿ ಮಂಕಾಗುವುದುಂಟು, ಆದ್ದರಿಂದ ತೀರ್ಮಾನಕ್ಕೆ ಡಾಪ್ಲರ್, ಎಂಆರ್‌ಐ ಬೇಕು. ಆದರೆ ಅನುಮಾನ ಹುಟ್ಟಲು ಬಿಪಿ ಪಟ್ಟಿ, ಕೈಯಲ್ಲಿ ಹಿಡಿಯುವ ಡಾಪ್ಲರ್ ಮತ್ತು ಹತ್ತು ನಿಮಿಷ ಸಾಕು. ಸಣ್ಣ ಊರಿನ ಕ್ಲಿನಿಕ್‌ಗೂ ಇದು ದೊಡ್ಡ ಖರ್ಚಲ್ಲ.

ಕೇಳುಗರೇ, ನೀವು ಡಾಕ್ಟರಿಗೆ ಬರೀ "ಕಾಲು ನೋವು" ಅನ್ನಬೇಡಿ. ಎಷ್ಟು ದೂರ ನಡೆದರೆ ಬರುತ್ತೆ, ನಿಂತರೆ ಎಷ್ಟು ಹೊತ್ತಿಗೆ ಹೋಗುತ್ತೆ ಅಂತ ಹೇಳಿ. ಪಾದ ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ಜೋಮು ಹಿಡಿದರೆ ಮಾತ್ರ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ರಜೆ ಬರುವ ತನಕ ಕಾಲು ಕಾಯೋದಿಲ್ಲ.