ನದೀಮೂಲದಲ್ಲಿ ನಿಂತವನ ಹೊಣೆ

ನೀರು ಮನುಷ್ಯನು ಸೃಷ್ಟಿಸಿದ ವಸ್ತುವಲ್ಲ. ಅವನು ಅದಕ್ಕೆ ಕಟ್ಟೆ ಕಟ್ಟಬಲ್ಲ, ಕಾಲುವೆ ತೋಡಿ ತಿರುಗಿಸಬಲ್ಲ, ಅಳೆದು ಮಾರಲೂ ಬಲ್ಲ. ಆದರೆ ಒಂದು ಹನಿಯನ್ನೂ ಹೊಸದಾಗಿ ಉಂಟುಮಾಡಲಾರ. ಆದುದರಿಂದ ನೀರಿನ ಮೇಲೆ ಅವನಿಗಿರುವುದು ಒಡೆತನವಲ್ಲ, ಅಮಾನತ್. ಈ ಮಾತನ್ನು ಮಿಂಬರಿನ ಮೇಲೆ ನಿಂತು ಹೇಳುವುದು ಸುಲಭ. ಹತ್ತಾರು ಊರುಗಳು, ಸಾವಿರಾರು ಹೊಲಗಳು ಒಂದೇ ನದಿಯನ್ನು ನಂಬಿಕೊಂಡಿರುವಲ್ಲಿ ಅದನ್ನು ನಡೆಸಿ ತೋರಿಸುವುದು ಕಷ್ಟ. ಆ ಕಷ್ಟದ ಒಂದು ಸ್ಪಷ್ಟ ಉದಾಹರಣೆಯು ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿದೆ. ಅದರ ಹೆಸರು ಓಲ್ಡ್‌ಮನ್ ನದಿ.

ರಾಕಿ ಪರ್ವತಗಳ ಪೂರ್ವದ ಇಳಿಜಾರಿನಲ್ಲಿ ಹುಟ್ಟುವ ಈ ನದಿಯು ಸುಮಾರು 360 ಕಿಲೋಮೀಟರ್ ಹರಿದು, ಬೋ ನದಿಯನ್ನು ಸೇರಿ, ದಕ್ಷಿಣ ಸಸ್ಕಾಚೆವಾನ್ ನದಿಯಾಗುತ್ತದೆ. ಅಲ್ಲಿಂದ ಮುಂದೆ ಆ ನೀರು ವಿನಿಪೆಗ್ ಸರೋವರವನ್ನು ಹಾದು ಹಡ್ಸನ್ ಕೊಲ್ಲಿಯನ್ನು ತಲಪುತ್ತದೆ. ಅಲ್ಲಿಯ ಮೂಲನಿವಾಸಿಗಳಾದ ಬ್ಲ್ಯಾಕ್‌ಫುಟ್ ಜನರ ಪರಂಪರೆಯಲ್ಲಿ ಬರುವ ‘ನಾಪಿ’ ಎಂಬ ಮುದುಕನ ಹೆಸರೇ ನದಿಗೆ ಉಳಿದುಬಂದಿದೆ. ಬೆಟ್ಟದ ಬುಡದಿಂದ ಪೂರ್ವಕ್ಕೆ ಕಣ್ಣು ಹಾಯುವಷ್ಟು ದೂರ ಪ್ರೈರಿ ಎಂಬ ಹುಲ್ಲುಗಾವಲಿನ ಬಯಲು. ಅಲ್ಲಿ ಮಳೆ ಕಡಿಮೆ, ಒಣಗಾಳಿ ಹೆಚ್ಚು. ಲೆತ್‌ಬ್ರಿಜ್ ನಗರದ ಒಂದು ಲಕ್ಷಕ್ಕೂ ಮಿಕ್ಕಿದ ಜನರು ಕುಡಿಯುವ ನೀರು, ಟೇಬರ್ ಸುತ್ತಮುತ್ತ ಬೆಳೆಯುವ ಜೋಳ, ಆಲೂಗಡ್ಡೆ, ಸಕ್ಕರೆ ಬೀಟ್‌ಗಳಿಗೆ ಹಾಯುವ ನೀರು, ಇವೆಲ್ಲದರ ಬಹುಪಾಲು ಬಯಲಿನಲ್ಲಿ ಬಿದ್ದ ಮಳೆಯಲ್ಲ. ಬೆಟ್ಟದ ಮೇಲೆ ಚಳಿಗಾಲದಲ್ಲಿ ಶೇಖರವಾಗಿ ಬೇಸಿಗೆಯ ಮೊದಲಿಗೆ ಕರಗುವ ಹಿಮ. ಹೀಗೆ ಬಯಲಿನ ಬದುಕಿನ ಬೇರು ಬೆಟ್ಟದಲ್ಲಿದೆ.

ಈ ನೀರನ್ನು ಹಂಚುವ ಕಾನೂನು 1894ರಷ್ಟು ಹಳೆಯದು. ಮೊದಲು ಪರವಾನಗಿ ಪಡೆದವನಿಗೆ ಮೊದಲ ಹಕ್ಕು ಎಂಬುದು ಅದರ ತಿರುಳು. ಬರ ಬಂದಾಗ ಹಳೆಯ ಪರವಾನಗಿಯವನು ತನ್ನ ಪಾಲನ್ನು ಪೂರ್ತಿ ಪಡೆಯುತ್ತಾನೆ. ಹೊಸಬನು ಒಣಗಿದ ಕಾಲುವೆಯನ್ನು ನೋಡುತ್ತ ನಿಲ್ಲಬೇಕು. 1969ರ ಒಪ್ಪಂದದಂತೆ ಆಲ್ಬರ್ಟಾವು ಪೂರ್ವಕ್ಕೆ ಹರಿಯುವ ನದಿಗಳ ಸಹಜ ಹರಿವಿನ ಅರ್ಧದಷ್ಟನ್ನು ನೆರೆಯ ಸಸ್ಕಾಚೆವಾನ್ ಪ್ರಾಂತ್ಯಕ್ಕೆ ಬಿಡಲೇಬೇಕು. 2006ರ ಹೊತ್ತಿಗೆ ಹಂಚಲು ನೀರೇ ಉಳಿಯದೆ, ಓಲ್ಡ್‌ಮನ್, ಬೋ ಮತ್ತು ದಕ್ಷಿಣ ಸಸ್ಕಾಚೆವಾನ್ ಕಣಿವೆಗಳಲ್ಲಿ ಹೊಸ ಪರವಾನಗಿಯ ಅರ್ಜಿಗಳನ್ನು ಸ್ವೀಕರಿಸುವುದನ್ನೇ ಸರಕಾರವು ನಿಲ್ಲಿಸಿತು.

ಇಷ್ಟು ಬಿಗಿಯಾದ ಕಾನೂನಿನ ನಡುವೆಯೂ ಅಲ್ಲಿಯ ರೈತರು ಒಂದು ಒಳ್ಳೆಯ ಮೇಲ್ಪಂಕ್ತಿಯನ್ನು ಹಾಕಿದ್ದಾರೆ. 2001ರ ಬರಗಾಲದಲ್ಲಿ ಸೇಂಟ್ ಮೇರಿ, ಬೆಲ್ಲಿ, ವಾಟರ್‌ಟನ್ ಎಂಬ ಉಪನದಿಗಳನ್ನು ಆಶ್ರಯಿಸಿದ ನೀರಾವರಿದಾರರು ಹಿರಿತನದ ಹಕ್ಕನ್ನು ಬದಿಗಿಟ್ಟು, ಇದ್ದಷ್ಟನ್ನು ಹಂಚಿಕೊಂಡರು. 2024ರ ವಸಂತದಲ್ಲಿ ಮತ್ತೆ ಬರದ ಭೀತಿ ಎದುರಾದಾಗ 38 ದೊಡ್ಡ ಪರವಾನಗಿದಾರರು ಇಂಥದೇ ಒಪ್ಪಂದಗಳಿಗೆ ಸ್ವಇಚ್ಛೆಯಿಂದ ಸಹಿ ಹಾಕಿದರು.

ಮದೀನಾದ ಹರ್ರಾ ಪ್ರದೇಶದ ಕಾಲುವೆಯ ವಿಷಯವಾಗಿ ಹಝ್ರತ್ ಝುಬೈರ್(ರ) ಮತ್ತು ಒಬ್ಬ ಅನ್ಸಾರಿಯ ನಡುವೆ ನಡೆದ ವ್ಯಾಜ್ಯವನ್ನು ಹದೀಸ್ ಓದಿದವರೆಲ್ಲರೂ ಬಲ್ಲರು. ಝುಬೈರ್‌ರ(ರ) ತೋಟವು ಮೇಲ್ಭಾಗದಲ್ಲಿತ್ತು. ತೋಟಕ್ಕೆ ನೀರು ಹಾಯಿಸಿಕೊಂಡು ಬಳಿಕ ನೆರೆಯವನಿಗೆ ಬಿಟ್ಟುಬಿಡುವಂತೆ ಪ್ರವಾದಿವರ್ಯರು(ಸ) ಮೊದಲು ಸೂಚಿಸಿದರು. ಎದುರಾಳಿಯು ಅದಕ್ಕೊಪ್ಪದೆ ಆಕ್ಷೇಪಿಸಿದ ಮೇಲಷ್ಟೇ ಝುಬೈರ್‌ರಿಗೆ(ರ) ಅವರ ಪೂರ್ಣ ಹಕ್ಕನ್ನು ನೀಡಿದರು. ಇದರಿಂದ ಫಿಕ್‌ಹ್ ವಿದ್ವಾಂಸರು ಎರಡು ಮೆಟ್ಟಿಲುಗಳನ್ನು ಗುರುತಿಸಿದರು. ಒಂದು, ಕಾನೂನು ಕೊಡುವ ಹಕ್ಕು. ಇನ್ನೊಂದು, ಆ ಹಕ್ಕು ಇದ್ದೂ ನೆರೆಯವನಿಗಾಗಿ ಅದರಲ್ಲಿ ಸ್ವಲ್ಪವನ್ನು ಬಿಟ್ಟುಕೊಡುವ ಔದಾರ್ಯ. ಸಮಾಜವು ಬರಿಯ ಹಕ್ಕಿನ ಮೇಲೆ ಬದುಕಲಾರದು ಎಂಬುದನ್ನು ಪ್ರೈರಿಯ ರೈತನು ಬರಗಾಲದಿಂದ ಕಲಿತನು. ನಾವು ಅದನ್ನು ಕಿತಾಬುಗಳಿಂದ ಕಲಿತೆವು; ಆಚರಣೆಗೆ ತಂದವರೆಷ್ಟು ಮಂದಿ ಎಂಬುದನ್ನು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಆದರೆ ಇದ್ದ ನೀರನ್ನು ಹಂಚಿಕೊಂಡರೆ ಸಾಲದು. ನೀರು ಹುಟ್ಟುವ ತಾಣವನ್ನೂ ಕಾಯಬೇಕು. ಡಾಂಬರು ರಸ್ತೆ ಮುಗಿದ ಮೇಲೆ ಆರಂಭವಾಗುವ ಆ ಬೆಟ್ಟಗಾಡು ಸಾರ್ವಜನಿಕ ಭೂಮಿ. ರಜೆಯ ದಿನಗಳಲ್ಲಿ ಜನರು ಅಲ್ಲಿಗೆ ಡೇರೆಗಳೊಂದಿಗೆ, ಕಾಡುದಾರಿಯಲ್ಲಿ ಓಡುವ ಎಟಿವಿ ವಾಹನಗಳೊಂದಿಗೆ ಬರುತ್ತಾರೆ. ಗಾಲಿಯು ತೊರೆಯನ್ನು ದಾಟಿದಾಗಲೆಲ್ಲ ದಡ ಕುಸಿಯುತ್ತದೆ, ಹೂಳು ನೀರಿಗಿಳಿಯುತ್ತದೆ. ಟ್ರೌಟ್ ಮೀನು ತಳದ ಬೆಣಚುಕಲ್ಲುಗಳ ಸಂದಿಯಲ್ಲಿ ಮೊಟ್ಟೆಯಿಡುತ್ತದೆ. ಹೂಳು ಆ ಸಂದಿಯನ್ನು ಮುಚ್ಚಿದರೆ ಮೊಟ್ಟೆ ಉಸಿರುಕಟ್ಟಿ ಸಾಯುತ್ತದೆ. ಅಲ್ಲಿಯ ವೆಸ್ಟ್‌ಸ್ಲೋಪ್ ಕಟ್‌ತ್ರೋಟ್ ಎಂಬ ಟ್ರೌಟ್ ಜಾತಿಯು 2013ರಲ್ಲಿ ಕೆನಡಾದ ಅಪಾಯಗ್ರಸ್ತ ಜೀವಿಗಳ ಪಟ್ಟಿಯನ್ನು ಸೇರಿತು. ಇದು ಯಾವುದೋ ಒಬ್ಬ ದುಷ್ಟನ ಕೃತ್ಯವಲ್ಲ. ‘ನಾನೊಬ್ಬ ಹೋದರೆ ಏನಾದೀತು’ ಎಂದುಕೊಂಡ ಸಾವಿರಾರು ಸಜ್ಜನರ ಕೃತ್ಯ.

ಇಲ್ಲಿಯೇ ಸಮುದಾಯದ ಪಾತ್ರ ಬರುತ್ತದೆ. 2004ರಲ್ಲಿ ರೂಪುಗೊಂಡ ಓಲ್ಡ್‌ಮನ್ ಜಲಾನಯನ ಮಂಡಳಿಯು ಸರಕಾರಿ ಇಲಾಖೆಯಲ್ಲ. ಲಾಭದ ಉದ್ದೇಶವಿಲ್ಲದ ಸಂಸ್ಥೆ. ದನಗಾಹಿಗಳು, ನೀರಾವರಿದಾರರು, ಊರಾಡಳಿತಗಳು, ಮೂಲನಿವಾಸಿಗಳು, ಪರಿಸರಪ್ರೇಮಿಗಳು ಒಂದೇ ಮೇಜಿನ ಸುತ್ತ ಕುಳಿತು ನದಿಯ ಬಗ್ಗೆ ಮಾತನಾಡಲು ಅದು ಎಡೆಮಾಡಿಕೊಟ್ಟಿದೆ. ಅದಕ್ಕೆ ದಂಡ ವಿಧಿಸುವ ಅಧಿಕಾರವಿಲ್ಲ. ಅದರ ಕಾರ್ಯಕರ್ತರು ಡೇರೆ ಹಾಕಿದವರ ಬಳಿಗೆ ಹೋಗಿ ವಿನಯದಿಂದ ತಿಳಿಹೇಳುತ್ತಾರೆ. ಕುಸಿದ ದಡಗಳಲ್ಲಿ ಸ್ವಯಂಸೇವಕರು ವಿಲ್ಲೋ ಗಿಡದ ಕಡ್ಡಿಗಳನ್ನು ನೆಡುತ್ತಾರೆ. ಆ ಕಡ್ಡಿ ಬೇರುಬಿಟ್ಟು ಮಣ್ಣನ್ನು ಹಿಡಿದುಕೊಳ್ಳುತ್ತದೆ. ‘ಕೌಸ್ ಅಂಡ್ ಫಿಶ್’ ಎಂದು ಕರೆಯಲ್ಪಡುವ ಇನ್ನೊಂದು ಸಂಸ್ಥೆಯು 1992ರಿಂದ, ದನಗಳ ಮೇವಿಗೂ ನದೀತೀರದ ಆರೋಗ್ಯಕ್ಕೂ ಧಕ್ಕೆಯಾಗದಂತೆ ಮೇಯಿಸುವ ಕ್ರಮವನ್ನು ರೈತರೊಂದಿಗೆ ಕುಳಿತು ರೂಪಿಸುತ್ತಿದೆ.

ಇಸ್ಲಾಮೀ ಇತಿಹಾಸದಲ್ಲಿ ‘ಹಿಮಾ’ ಎಂಬ ವ್ಯವಸ್ಥೆಯಿದೆ. ಹಿಮಾ ಎಂದರೆ ಸಾರ್ವಜನಿಕ ಹಿತಕ್ಕಾಗಿ ಕಾದಿರಿಸಿದ ಹುಲ್ಲುಗಾವಲು. ಖಲೀಫ ಉಮರ್(ರ) ಅಂಥ ಒಂದು ಕಾವಲಿಗೆ ಪಾಲಕನನ್ನು ನೇಮಿಸಿದಾಗ, ಕೆಲವೇ ಕುರಿ ಒಂಟೆಗಳಿರುವ ಬಡವನನ್ನು ಒಳಗೆ ಬಿಡಬೇಕೆಂದೂ ಶ್ರೀಮಂತರ ಹಿಂಡುಗಳ ವಿಷಯದಲ್ಲಿ ಎಚ್ಚರ ವಹಿಸಬೇಕೆಂದೂ ಬುದ್ಧಿ ಹೇಳಿದರು. ಆ ಶ್ರೀಮಂತರಲ್ಲಿ ಗಣ್ಯ ಸಹಾಬಿಗಳೂ ಇದ್ದರೆಂಬುದು ಗಮನಾರ್ಹ. ಕಾವಲು ಎಂದರೆ ಬೇಲಿ ಮಾತ್ರವಲ್ಲ. ಯಾರ ಅಗತ್ಯ ದೊಡ್ಡದು, ಯಾರ ಆಸೆ ದೊಡ್ಡದು ಎಂದು ತೂಗಿ ನೋಡುವ ನ್ಯಾಯ.

ಈಗ ಓಲ್ಡ್‌ಮನ್ ನದಿಯ ಮುಂದಿರುವ ಪ್ರಶ್ನೆಯೂ ಇದೇ. ಆ ಬೆಟ್ಟಗಳ ಒಡಲಲ್ಲಿ ಉಕ್ಕು ತಯಾರಿಕೆಗೆ ಬೇಕಾದ ಕಲ್ಲಿದ್ದಲು ಇದೆ. 1976ರ ಕಲ್ಲಿದ್ದಲು ನೀತಿಯು ಪೂರ್ವದ ಇಳಿಜಾರಿನ ಬಹುಭಾಗದಲ್ಲಿ ತೆರೆದ ಗಣಿಗಾರಿಕೆಯನ್ನು ತಡೆದಿತ್ತು. 2020ರಲ್ಲಿ ಪ್ರಾಂತೀಯ ಸರಕಾರವು ಸಾರ್ವಜನಿಕರ ಅಭಿಪ್ರಾಯ ಕೇಳದೆ ಅದನ್ನು ರದ್ದುಪಡಿಸಿತು. ದನಗಾಹಿಗಳು, ಮೂಲನಿವಾಸಿಗಳು, ಬಯಲಿನ ಊರುಗಳು, ಗಾಯಕರು ಸಹ ದನಿಯೆತ್ತಿದ ಮೇಲೆ 2021ರ ಫೆಬ್ರವರಿಯಲ್ಲಿ ಹಳೆಯ ನೀತಿಯನ್ನು ಮರಳಿ ತಂದಿತು. ಅದೇ ವರ್ಷದ ಜೂನ್‌ನಲ್ಲಿ ಗ್ರಾಸಿ ಬೆಟ್ಟದ ಗಣಿ ಯೋಜನೆಯು ಸಾರ್ವಜನಿಕ ಹಿತಕ್ಕೆ ಅನುಗುಣವಲ್ಲವೆಂದು ಪರಿಶೀಲನಾ ಸಮಿತಿಯು ತಿರಸ್ಕರಿಸಿತು. ಆದರೂ 2025ರ ಜನವರಿಯಲ್ಲಿ ಕಲ್ಲಿದ್ದಲು ಅನ್ವೇಷಣೆಯ ಮೇಲಿದ್ದ ತಡೆಯನ್ನು ಸರಕಾರವು ತೆಗೆದುಹಾಕಿತು.

ಭಯ ಕಾಲ್ಪನಿಕವಲ್ಲ. ಪರ್ವತಶ್ರೇಣಿಯ ಆಚೆಗೆ, ಬ್ರಿಟಿಷ್ ಕೊಲಂಬಿಯಾದ ಎಲ್ಕ್ ಕಣಿವೆಯಲ್ಲಿ ಗಣಿಯ ಕಲ್ಲುರಾಶಿಯಿಂದ ಸೆಲೆನಿಯಂ ಎಂಬ ಧಾತುವು ತೊಳೆದು ನದಿಗೆ ಸೇರಿದೆ. ಅದು ಮೀನಿನ ಮರಿಗಳನ್ನು ವಿಕಲಗೊಳಿಸುತ್ತದೆ. ಆ ಮಾಲಿನ್ಯಕ್ಕಾಗಿ 2021ರಲ್ಲಿ ಗಣಿ ಕಂಪೆನಿಗೆ 6 ಕೋಟಿ ಡಾಲರ್ ದಂಡ ಬಿತ್ತು. ದಂಡದ ಹಣವು ಖಜಾನೆಗೆ ಹೋಗಬಹುದು. ಸೆಲೆನಿಯಂ ಕಲ್ಲಿಗೆ ಮರಳುವುದಿಲ್ಲ.

ಎದುರು ವಾದವನ್ನೂ ನ್ಯಾಯವಾಗಿ ಕೇಳಬೇಕು. ಕ್ರೋಸ್‌ನೆಸ್ಟ್ ಪಾಸ್ ಎಂಬ ಊರು ಗಣಿಗಳಿಂದಲೇ ಹುಟ್ಟಿದ್ದು. 2024ರ ನವೆಂಬರ್‌ನಲ್ಲಿ ಅಲ್ಲಿ ನಡೆದ ಮತದಾನದಲ್ಲಿ ಬಹುಪಾಲು ಜನರು ಗ್ರಾಸಿ ಬೆಟ್ಟದ ಗಣಿಯ ಪರವಾಗಿದ್ದರು. ಉದ್ಯೋಗ ಬೇಕೆನ್ನುವವನನ್ನು ದುರಾಸೆಯವನೆಂದು ಜರೆಯುವುದು ಅನ್ಯಾಯ. ಹಲಾಲ್ ದುಡಿಮೆಯು ಎಲ್ಲರ ಹಕ್ಕು. ಆದರೆ ಆ ಗಣಿಯ ನೆಲವು ಆ ಊರಿನ ಎಲ್ಲೆಯಲ್ಲಿಲ್ಲ, ಅದನ್ನು ವಿರೋಧಿಸಿದ ನೆರೆಯ ರಾಂಚ್‌ಲ್ಯಾಂಡ್‌ನಲ್ಲಿದೆ. ಅದರ ನೀರು ಹರಿಯುವುದಾದರೋ ಮತ ಹಾಕುವ ಅವಕಾಶವೇ ಇಲ್ಲದವರ ಕಡೆಗೆ. ಹಡಗಿನ ಕೆಳ ಅಂತಸ್ತಿನವರು ತಮ್ಮ ಪಾಲಿನ ಜಾಗದಲ್ಲಿ ರಂಧ್ರ ಕೊರೆಯಲು ಹೊರಟ ದೃಷ್ಟಾಂತವನ್ನು ಪ್ರವಾದಿವರ್ಯರು(ಸ) ಹೇಳಿಕೊಟ್ಟಿದ್ದಾರೆ. ಅವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಮೇಲಿನವರಿಗೆ ತೊಂದರೆ ಕೊಡದೆ ನೀರು ಪಡೆಯುವುದಷ್ಟೇ ಅವರಿಗೆ ಬೇಕಿತ್ತು. ಆದರೆ ತಡೆಯದಿದ್ದರೆ ಮುಳುಗುವುದು ಇಡೀ ಹಡಗು. ನದಿಯ ವಿಷಯದಲ್ಲಿ ಈ ಹಡಗು ತಲೆಕೆಳಗಾಗಿದೆ: ರಂಧ್ರ ಮೇಲೆ, ಮುಳುಗುವವರು ಕೆಳಗೆ.

ಆದುದರಿಂದ ನನ್ನ ಅಭಿಪ್ರಾಯವಿದು. ವಿಲ್ಲೋ ಕಡ್ಡಿ ನೆಡುವ ಕೈಗಳು ಎಷ್ಟೇ ಶ್ರದ್ಧೆಯವಾಗಿರಲಿ, ಒಂದು ಸರಕಾರಿ ಆದೇಶದ ಮುಂದೆ ಅವು ನಿಲ್ಲಲಾರವು. ಜನರು ಸ್ವಂತ ಶ್ರಮದಿಂದ ಕಾದದ್ದನ್ನು ಕಾನೂನು ಕೂಡ ಕಾಯಬೇಕು. 2017ರಲ್ಲಿ ಕ್ಯಾಸಲ್ ಪ್ರದೇಶವನ್ನು ಸಂರಕ್ಷಿತ ಉದ್ಯಾನವನಗಳನ್ನಾಗಿ ಘೋಷಿಸಿದ ಅದೇ ಪ್ರಾಂತ್ಯಕ್ಕೆ ಇದು ಅಸಾಧ್ಯವಲ್ಲ. ನದೀಮೂಲದ ತೀರ್ಮಾನದಲ್ಲಿ ಕೆಳದಂಡೆಯ ಕೊನೆಯ ಹೊಲದವನಿಗೂ, ಆ ನೆಲದಲ್ಲಿ ಎಲ್ಲರಿಗಿಂತ ಮೊದಲು ನೆಲೆಸಿದ ಪಿಕಾನಿ, ಕೈನಾಯ್ ಜನರಿಗೂ ಮಾತಿನ ಅಧಿಕಾರವಿರಬೇಕು. ಹಾಗೆಯೇ, ಕಂಪೆನಿಯನ್ನು ದೂರುವವನು ತನ್ನ ವಾಹನದ ಗಾಲಿಯನ್ನೂ ತೊರೆಯಿಂದ ಮೇಲೆತ್ತಿಕೊಳ್ಳಬೇಕು.

ವುಝೂಗಾಗಿ ಹರಿಯುವ ನದಿಯ ದಡದಲ್ಲಿ ಕುಳಿತಾಗಲೂ ನೀರನ್ನು ಮಿತವಾಗಿ ಬಳಸಬೇಕೆಂಬ ಶಿಕ್ಷಣ ಪಡೆದ ಸಮುದಾಯ ನಮ್ಮದು. ದೂರದ ನದಿಯೊಂದರ ಕಥೆಯನ್ನು ನಾವು ಪರರ ಸುದ್ದಿಯೆಂದು ಓದಿ ಮಡಚಿಡುವಂತಿಲ್ಲ. ಬೊಗಸೆಯಲ್ಲಿ ನೀರೆತ್ತಿಕೊಂಡಾಗ ನಮಗಿಂತ ಕೆಳಗೆ ಇನ್ನೊಬ್ಬನ ಬೊಗಸೆ ಕಾದಿದೆ ಎಂಬ ಅರಿವನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ.