ತಲೆಯೊಳಗಿಳಿದ ಬೆಳಕು
ಬೆಳಕಿನಿಂದ ಮಿದುಳನ್ನು ಓದುವ ವಿಧಾನ ನಿಂತಿರುವುದು, ಅಂಗೈಗೆ ಟಾರ್ಚು ಒತ್ತಿದಾಗ ಬೆರಳ ಸಂದು ಕೆಂಪಗೆ ಹೊಳೆಯುವ ಸಂಗತಿಯ ಮೇಲೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕು ತಲೆಬುರುಡೆಯನ್ನೂ ದಾಟುತ್ತದೆ. ಆಮ್ಲಜನಕ ಹೊತ್ತ ರಕ್ತ, ಅದನ್ನು ಬಿಟ್ಟುಕೊಟ್ಟ ರಕ್ತ ಎರಡೂ ಈ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ; ಹಾಗಾಗಿ ಮರಳಿ ಬಂದ ಬೆಳಕೇ ರಕ್ತದ ಏರಿಳಿತ ಹೇಳುತ್ತದೆ. ಈ ದಾರಿಯನ್ನು 1977ರಲ್ಲಿ ತೋರಿಸಿದವರು ಫ್ರಾನ್ಸ್ ಯೋಬ್ಸಿಸ್. ಟೊಪ್ಪಿಯಂಥ ಸಾಧನ ತೊಟ್ಟ ಕೂಸು ತಾಯಿಯ ಮಡಿಲಲ್ಲೇ ಕೂತು ಅವಳ ಮುಖ ನೋಡುವಾಗ, ಮಾತಿಗೆ ಕಿವಿಗೊಡುವಾಗ, ಕಿವಿಯ ಮೇಲ್ಬದಿಯ ಮಿದುಳಿನಲ್ಲಿ ರಕ್ತ ಏರುವುದನ್ನು ಅಳೆಯಬಹುದು. ಎಂಆರ್‌ಐ ಕೊಳವೆಯಲ್ಲಿ ಎಚ್ಚರಿರುವ ಕೂಸು ಅಲುಗದೆ ಮಲಗಬೇಕು, ಅದು ಸುಲಭದ ಮಾತಲ್ಲ. ಉತ್ತರ ಪ್ರದೇಶದ ಶಿವಗಢದ ಹಳ್ಳಿಮಕ್ಕಳ ನೋಟದ ನೆನಪನ್ನು ಬೆಳಕಿನ ಈ ವಿಧಾನದಿಂದ ಪರೀಕ್ಷಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ವನಗೂರಿನಂಥ ಗುಡ್ಡದೂರಿನ ಅಂಗನವಾಡಿಗೂ ಜೀಪಿನಲ್ಲಿ ಒಯ್ಯಬಹುದಾದಷ್ಟು ಹಗುರ ಈ ಸಲಕರಣೆ. ತೊಡಕು ಕೂದಲಿನದು: ದಟ್ಟ ಕಪ್ಪು ಕೂದಲು ಬೆಳಕನ್ನೇ ನುಂಗುತ್ತದೆ. ಉಳಿದ ಬೆಳಕೂ ಎರಡು-ಮೂರು ಸೆಂಟಿಮೀಟರಿಗಿಂತ ಆಳಕ್ಕೆ ಇಳಿಯದು.